ಗೇಟಿನಲ್ಲಿ ಬಯಲಾದ ಉಪವಾಸ

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ನಾನು ಸಂಜೆವರೆಗೆ ಏನೂ ತಿನ್ನದೆ ಉಪವಾಸ ಇರ್ತೀನಿ. ಅದು ದೇವರಿಗೆ ಮಾತ್ರ ಗೊತ್ತಿರಬೇಕು ಅಂತ ಚರ್ಚಿನಲ್ಲಿ ಕಲಿತದ್ದು. ಅದಕ್ಕೇ ಅವತ್ತು, ಖಾಲಿ ಹೊಟ್ಟೆಯ ಬಾಯಿವಾಸನೆ ಯಾರಿಗೂ ಬಡಿಯದಿರಲಿ ಅಂತ, ಪೀಣ್ಯದ ಫ್ಯಾಕ್ಟರಿ ಗೇಟಿನ ಹೊರಗೆ ಮೌತ್‌ವಾಶ್ ಮುಕ್ಕಳಿಸಿದೆ.

ಕುಡಿದಿದ್ದಾರಾ ಅಂತ ನೋಡೋ ಯಂತ್ರಕ್ಕೆ ಊದಿಯೇ ನಾವು ಒಳಗೆ ಹೋಗಬೇಕು. ಊದಿದೆ. ಕೆಂಪು ದೀಪ ಹತ್ತಿತು.

"ಮುಂಜಾನೆನ ಹಾಕ್ಕೊಂಡ್ ಬಂದೀರೇನ್ರಿ?" ಅಂದ ಕಲಬುರಗಿಯ ಸೆಕ್ಯೂರಿಟಿ ಬಸಣ್ಣ.

ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಚಾಚಿ ನೋಡಿದರು. ಕುಡಿದು ಬಂದವರನ್ನ ಅವತ್ತೇ ಕೆಲಸದಿಂದ ತೆಗೀತಾರೆ.

"ಮೌತ್‌ವಾಶ್ ಕಣ್ರೀ, ಅದರಲ್ಲೂ ಸ್ವಲ್ಪ ಆಲ್ಕೋಹಾಲ್ ಇರುತ್ತೆ."

"ಎಲ್ಲಾರೂ ಹಂಗ ಅಂತಾರ್ರಿ. ಯಾಕ ಬೇಕಾಗಿತ್ತು ಅದು?"

"ಉಪವಾಸ ಇದ್ದೀನಿ," ಅಂತ ಪಿಸುಗುಟ್ಟಿದೆ.

ಬಸಣ್ಣ ಬಾಯಿ ತೊಳೆಸಿದ, ಸ್ವಲ್ಪ ಹೊತ್ತು ಕೂರಿಸಿದ, ಮತ್ತೆ ಊದಿಸಿದ. ಹಸಿರು. ಪಾಪ, ನನ್ನ ಮಾನ ಉಳಿಸೋಕೆ ಸಾಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಇವರು ಕುಡದಿಲ್ರಿ, ಉಪವಾಸ ಅದಾರ."

ಮಧ್ಯಾಹ್ನ ಕ್ಯಾಂಟೀನ್ ಅಕ್ಕ ನನ್ನ ಮೆಷಿನ್ ಹತ್ತಿರಕ್ಕೇ ಬಿಸಿ ಉಪ್ಪಿಟ್ಟು ತಂದಿಟ್ಟರು. "ಅನ್ನ ಅಲ್ಲ ಅಣ್ಣ, ಉಪವಾಸಕ್ಕೆ ನಡೆಯುತ್ತೆ."

ಉಪವಾಸವಿದ್ದ ಯೇಸುವಿಗೆ ಸೈತಾನ ಕಲ್ಲನ್ನು ರೊಟ್ಟಿ ಮಾಡಿಕೋ ಅಂತ ಆಸೆ ತೋರಿಸಿದ ಕಥೆ ನನಗೆ ಬಾಯಿಪಾಠ. ಉಪ್ಪಿಟ್ಟಿನ ಬಗ್ಗೆ ಮಾತ್ರ ಚರ್ಚಿನಲ್ಲಿ ಯಾರೂ ಎಚ್ಚರಿಸಿರಲಿಲ್ಲ.