ಇವತ್ತಿನ ಶಬ್ದ, ಚಿಗವ್ವನ ಕಣ್ಣು

ಬೈಲಹೊಂಗಲದಾಗ ನಂದೊಂದು ಝೆರಾಕ್ಸ್ ಅಂಗಡಿ ಐತಿ. ಆಧಾರ್ ಕಾರ್ಡಿನ ಎರಡೂ ಮಗ್ಗಲ ಒಂದ ಹಾಳಿ ಮ್ಯಾಲೆ ಬರೂವಂಗ ತಗಿಯೂದು ನನ್ನ ಜೀವನದ ದೊಡ್ಡ ವಿದ್ಯೆ. ಇಂಥಾಂವ ಕೋಡ್ ಬರದು ಒಂದು ಆಟ ಮಾಡಿದೆ ಅಂದ್ರ ನಮ್ಮ ಮನ್ಯಾಗ ಇನ್ನೂ ಯಾರೂ ನಂಬಿಲ್ಲ. "ಎಲ್ಲಿಂದರೆ ಝೆರಾಕ್ಸ್ ತಗದಿರಬೇಕ್ರಿ" ಅಂತ ನನ್ನ ಹೆಂಡತಿ ಬೀಗರ ಮುಂದ ಹೇಳ್ಯಾಳ. ಅರ್ಧ ಖರೇನ ಐತಿ.

ಇಷ್ಟಕ್ಕೆಲ್ಲಾ ಕಾರಣ ನನ್ನ ಚಿಗವ್ವ, ಅವ್ವನ ತಂಗಿ. ಉಗರಗೋಳದಾಗ, ದೇವಿ ಗುಡ್ಡಕ್ಕ ಹೋಗೂ ದಾರಿ ಮಗ್ಗಲಕ್ಕ ಕುಂಕುಮ, ಅರಿಷಿಣದ ಭಂಡಾರ, ಕಾಯಿ ಮಾರೂ ಅಂಗಡಿ ಆಕೀದು. ಮಕ್ಕಳಿಲ್ಲ, ಕಾಕಾ ತೀರಿಕೊಂಡ ಮ್ಯಾಲೆ ಒಬ್ಬಾಕೀನ ಇರತಾಳ. ಗಿರಾಕಿ ಇಲ್ಲದ ಹೊತ್ತಿನ್ಯಾಗ ಫೋನಿನ್ಯಾಗ ಶಬ್ದದ ಆಟ ಆಡಾಕಿ. ದಿನಕ್ಕ ಒಂದು ಕನ್ನಡ ಶಬ್ದ ಮುಚ್ಚಿಟ್ಟಿರತಾರ. ಮೂರು ಮನಿ, ಮೂರು ಅಕ್ಷರ. ನೀವು ಊಹೆ ಮಾಡಿ ಒಂದು ಶಬ್ದ ಹಾಕಬೇಕು, ಸರಿ ಇದ್ದ ಅಕ್ಷರದ ಮನಿ ಹಸರಾಗತೈತಿ. ಒಂದಿನ ಆ ಆಟ "ನಿಮ್ಮ ಫೋನ್ ಹಳೇದಾಗಿದೆ" ಅಂತ ಹೇಳಿ ತೆರಿಯೂದನ್ನ ಬಿಟ್ಟಿತು. ಚಿಗವ್ವ ನನಗ ಫೋನ್ ಹಚ್ಚಿ, "ನಾನೂ ಹಳೇಕಿ ಆಗೇನಿ, ನನ್ನೂ ಬಂದ್ ಮಾಡ್ತಾರೇನ ಕೇಳು" ಅಂದ್ಲು.

"ಬಿಡ ಚಿಗವ್ವ, ನಾನ ಮಾಡಿ ಕೊಡತೇನಿ" ಅಂದುಬಿಟ್ಟೆ. ಬಾಯಿಂದ ಹೊಂಟ್ಹೋತು, ಏನ್ಮಾಡೂದು. ವಿಡಿಯೋ ನೋಡಿ ನೋಡಿ ಕಲತೆ. ಎಂಥಾ ಹಳೇ ಫೋನಿನ ಬ್ರೌಸರ್‌ನ್ಯಾಗೂ ತೆರೀಬೇಕು, ಜಾಹೀರಾತು ಇರಬಾರದು, ಇಷ್ಟ ನನ್ನ ಆಸೆ. ಮೊದಲನೇ ಸಲ ಮಾಡಿದ್ದು ಎಷ್ಟು ಚಂದ ಇತ್ತಂದ್ರ, ಒತ್ತಕ್ಷರ ಎಲ್ಲಾ ಜಗಳಾಡಿ ಬ್ಯಾರೆ ಆದ ಅಣ್ಣತಮ್ಮರಂಗ ಬ್ಯಾರೆ ಬ್ಯಾರೆ ಮನ್ಯಾಗ ಹೋಗಿ ಕುಂತಿದ್ದವು. ಅಂಗಡಿಗೆ ಬಂದ ಗಿರಾಕಿ "ನನ್ನ ಹೊಲದ ಉತಾರ ಎಲ್ಲೈತ್ರಿ" ಅಂತ ಕೇಳಿದ್ರ ನಾ "ತಡೀರಿ, ಒತ್ತು ಕೂಡಸಾಕ ಹತ್ತೇನಿ" ಅಂತಿದ್ದೆ.

ಆಟ ಒಂದು ನಮೂನಿ ಆದ ಮ್ಯಾಲೆ ನನಗ ದೊಡ್ಡಸ್ತನ ಬಂತು. ಅದನ್ನ ಓಪನ್ ಸೋರ್ಸ್ ಮಾಡಿದೆ. ಅಂದ್ರ ಆಟದ ಒಳಗಿಂದೆಲ್ಲಾ ಇಂಟರ್ನೆಟ್ಟಿನ್ಯಾಗ ಇಟ್ಟುಬಿಡೂದು, ಯಾರ ಬೇಕಾದರೂ ಬಂದು ನೋಡಬಹುದು, ತಪ್ಪಿದ್ದರ ತಿದ್ದಬಹುದು. ಚಿಗವ್ವಗ ತಿಳಿಸಿ ಹೇಳಿದೆ, "ಹಿತ್ತಲ ಬಾಗಲಾ ತಗದಿಟ್ಟಂಗ." "ಹಂಗಾರ ಕಳ್ಳರಿಗೆ ಚಲೋ ಆತು" ಅಂದ್ಲು. ನಾ ಬಿಡಲಿಲ್ಲ. ಅದರ ಮೊದಲನೇ ಪುಟದಾಗ ಒಂದು ನಿಯಮ ಬರದೆ: ದಿನದ ಶಬ್ದ ಮೊದಲ ಮಾಡಿಟ್ಟ ಯಾದಿ ಪ್ರಕಾರನ ಬರತೈತಿ, ಯಾರ ಕೈಯಾಗೂ ಇರೂದಿಲ್ಲ, ಅದನ್ನ ಬದಲಿ ಮಾಡಬೇಕಂದ್ರ ಇನ್ನೊಬ್ಬರು ಒಪ್ಪಬೇಕು, ಈ ಆಟ ಮಾಡಿದವನಿಗೂ ವಿನಾಯ್ತಿ ಇಲ್ಲ. ಬರದು, ಎರಡು ಸಲ ಓದಿ ನೋಡಿ, ನನ್ನ ಪ್ರಾಮಾಣಿಕತನಕ್ಕ ನಾನ ಮೆಚ್ಚಿದೆ. ನಾಕೈದು ಮಂದಿ ನಕ್ಷತ್ರ ಒತ್ತಿ ಮೆಚ್ಚುಗಿ ತೋರಿಸಿದ್ರು. ಅದರಾಗ ಒಂದು ನನ್ನ ಎರಡನೇ ಖಾತೇದು.

ಉಗರಗೋಳದಾಗ ಬ್ಯಾರೇನ ನಡದಿತ್ತು. ನಮ್ಮ ಕಡೆ ಏನರೆ ಕೆಲಸಕ್ಕ ಹೊಂಟಾಗ ಮೊದಲ ಕಿವಿಗೆ ಬಿದ್ದ ಮಾತನ್ನ ಶಕುನ ಅಂತ ಹಿಡಿಯೂ ರೂಢಿ ಐತಿ. ಮುಂಜಾನೆ ಎದ್ದ ಕೂಡಲೆ ಚಿಗವ್ವನ ಓಣ್ಯಾಗ ಮೊದಲ ಸಿಗೂ ಮಾತು ಈಗ ನನ್ನ ಆಟದ್ದು. ನಾ ಮಾಡಿದ್ದು ಶಬ್ದದ ಆಟ, ಅವರು ಅದನ್ನ ದೇವರ ವಾಣಿ ಮಾಡ್ಕೊಂಡಿದ್ರು. ಮಗ್ಗಲ ಅಂಗಡಿಯಾಕಿ 'ಸಮೃದ್ಧಿ' ಬಂದ ದಿನ ಎಮ್ಮಿ ಕೊಂಡ್ಲು. ಎಮ್ಮಿ ಹಾಲು ಕೊಡಲಿಲ್ಲ. ಆ ತಕರಾರೂ ನನಗ ಬಂತು. ನಾ ಕೋಡಿನ್ಯಾಗಿನ ತಪ್ಪು ತೋರಸೂ ಬಗ್ ರಿಪೋರ್ಟಿಗೆ ಕಾಯಾಕ ಹತ್ತಿದ್ದೆ, ಬಂದದ್ದು ಎಮ್ಮಿ ರಿಪೋರ್ಟ್.

ನಕ್ಕು ಬಿಡಬಹುದಿತ್ತು, ಆದ್ರ ಚಿಗವ್ವನ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ದೊಡ್ಡೂ ಮಾಡು ಅಂದ್ಲು, ಮಾಡಿದೆ. ಇನ್ನೂ ದೊಡ್ಡೂ ಮಾಡು ಅಂದ್ಲು. ಮೂರು ಮನಿ ಪೂರಾ ಫೋನ್ ತುಂಬಿ, ಆಟಕ್ಕ ಜಾಗಾನ ಉಳೀಲಿಲ್ಲ. ಕುಂಕುಮ ಕೇಳಿದವರಿಗೆ ಭಂಡಾರ ಕಟ್ಟಿ ಕೊಡಾಕ ಹತ್ತಿದ್ಲು. ಅಂಗಡಿ ಮೆಟ್ಟಲ ಕಾಣದ ಒಂದ್ಸಲ ಬಿದ್ಲು. ಸವದತ್ತಿ ಕಣ್ಣಿನ ದವಾಖಾನಿ ಡಾಕ್ಟರು ಆಪರೇಶನ್‌ಗೆ ದಿನಾ ಕೊಟ್ರು. ಆ ದಿನ ಆಟದಾಗ 'ಕಂದಕ' ಬಂತು. ಚಿಗವ್ವ ಹೋಗಲಿಲ್ಲ. ಇನ್ನೊಂದು ದಿನಾ ತಗೊಂಡು ಫೋನಿನ್ಯಾಗ ಹೇಳಿದೆ. 'ಸೋರಿಕೆ' ಬಂತು. ಕಣ್ಣು ಸೋರತಾವ ಅಂತ ಮುಸುಕು ಹೊದ್ದು ಮಲಗಿದ್ಲು. ಡಾಕ್ಟರು ನನಗ ಫೋನ್ ಮಾಡಿ, ಇನ್ನ ತಡಾ ಮಾಡಿದ್ರ ಕಣ್ಣ ಹೋಗತೈತಿ, ಇನ್ನೊಂದು ದಿನಾ ಕೊಡತೇನಿ, ಇದ ಕಡೀದು, ನೀವ ಏನರೆ ಮಾಡ್ರಿ ಅಂದ್ರು.

ಮೊದಲ ಎರಡು ಸಲ ಹೊಳೀದ ಬುದ್ಧಿ ಈಗ ಹೊಳೀತು. ಕೋಡ್ ತಗದು ಆ ದಿನಕ್ಕ ಏನು ಕುಂತೈತಿ ಅಂತ ನೋಡಿದೆ. 'ಕತ್ತಲೆ'. ಯಾದಿಯೊಳಗ ಆ ಶಬ್ದ ಹಾಕಿದಾಂವ ಯಾರು? ನಾನ. ಅದನ್ನ ತಗದು 'ಗೆಲುವು' ಹಾಕಿ ಒಪ್ಪಿಗಿಗೆ ಕಳಿಸಿದೆ. ಒಪ್ಪಬೇಕಾದಾಂವ ಯಾವ ಊರಾಂವೋ ಗೊತ್ತಿಲ್ಲ, ಹೆಸರಿನ ಜಾಗಾದಾಗ ಒಂದು ಬೆಕ್ಕಿನ ಚಿತ್ರ ಇಟ್ಟಿದ್ದ. ಬೆಕ್ಕು ಒಪ್ಪಲಿಲ್ಲ. ನನ್ನ ನಿಯಮಾನ ನನಗ ಎತ್ತಿ ತೋರಿಸಿತು. ನಾ ಚಿಗವ್ವನ ಪೊರೆ, ಮೆಟ್ಟಲಾ, ಡಾಕ್ಟರು, ಕುಂಕುಮ ಎಲ್ಲಾ ಉದ್ದಕ ಬರದೆ. ಇಡೀ ಜಗತ್ತು ಓದೂವಂಥಾ ಜಾಗಾದಾಗ. ಬೆಕ್ಕಿನ ಉತ್ತರ ಬಂತು: "ಅವರಿಗೆ ಬೇಗ ಗುಣವಾಗಲಿ. ಆದರೂ ಆಗುವುದಿಲ್ಲ."

ಸಿಟ್ಟು ಬಂತು, ಯಾರ ಮ್ಯಾಲೆ ಅಂತ ತಿಳೀಲಿಲ್ಲ. ಇನ್ನ ಮಾಡೂವಂಥಾದ್ದು ಏನೂ ಉಳೀಲಿಲ್ಲ. ಆಪರೇಶನ್ ಹಿಂದಿನ ದಿನ ಅಂಗಡಿ ಬಾಗಲಾ ಹಾಕಿ ಸಂಜೀ ಬಸ್ಸಿಗೆ ಉಗರಗೋಳಕ್ಕ ಹೋದೆ. ಆಕೀ ಫೋನ್ ಕಸಗೊಂಡರ ಶಬ್ದ ಕಾಣೂದಿಲ್ಲ, ಇದು ನನ್ನ ಕಡೀ ಇಂಜಿನಿಯರಿಂಗ್. ಮುಂಜಾನೆ ಎದ್ದು ನೋಡಿದ್ರ ಚಿಗವ್ವ ಆಗಲೇ ಜಳಕಾ ಮಾಡಿ, ಚೀಲಾ ಕಟ್ಟಿಕೊಂಡು ಕುಂತಿದ್ಲು. ಫೋನ್ ಇಸ್ಕೊಂಡು ನನ್ನ ಕಿಸೇದಾಗ ಇಟ್ಕೊಂಡೆ. ಟಂಟಂ ಗಾಡಿ ಹತ್ತಿ ಸವದತ್ತಿಗೆ ಬಂದಿವಿ.

ದವಾಖಾನ್ಯಾಗ ಕಣ್ಣಿಗೆ ಔಷಧ ಬಿಟ್ಟು ಬಾಕಿನ ಮ್ಯಾಲೆ ಕುಂಡ್ರಿಸಿದ್ರು. ಕಣ್ಣು ಮುಚ್ಚಿಕೊಂಡ ಕೇಳಿದ್ಲು, "ಇವತ್ತಿನ ಶಬ್ದ ಏನ ಬಂದೈತೋ?"

"ಬೆಳಕು" ಅಂದೆ.

"ಸುಳ್ಳು. ಕತ್ತಲೆ ಐತಿ. ನಸಿಕಿನ್ಯಾಗ ಆಡೇನಿ, ನೀ ಗೊರಕಿ ಹೊಡ್ಯಾಕ ಹತ್ತಿದ್ದಿ."

"ಮತ್ತ ಹೆಂಗ ಬಂದಿ?"

ಆಕಿ ಸಣ್ಣ ದನಿಯೊಳಗ ಹೇಳಿದ್ಲು. "ಕಂದಕ ಬಂದಾಗ ನನ್ನ ಜೋಡಿ ಯಾರಿದ್ರು? ಸೋರಿಕೆ ಬಂದಾಗ ಯಾರಿದ್ರು? ನೀ ಫೋನಿನ್ಯಾಗ ಆಪರೇಶನ್ ದಿನಾ ಹೇಳಿ ಇಡತಿದ್ದಿ. ಕಣ್ಣಿಗೆ ಕತ್ತರಿ ಹಾಕತಾರ ಅಂದ್ರ ಒಬ್ಬಾಕೀನ ಒಳಗ ಹೋಗಾಕ ನನಗ ಅಂಜಿಕಿ ಬರತೈತಿ. ಅಂಜಿಕಿ ಅಂತ ಹೇಳಾಕ ನಾಚಿಕಿ. ಶಬ್ದ ಚಲೋ ಇಲ್ಲ ಅಂದ್ರ ಯಾರೂ ಏನೂ ಕೇಳೂದಿಲ್ಲ."

ಅಕ್ಷರ ದೊಡ್ಡೂ ಮಾಡಿದ್ದೆ, ಯಾದಿ ತಿದ್ದಾಕ ಹೋಗಿದ್ದೆ, ಬೆಕ್ಕಿನ ಜೋಡಿ ಜಗಳಾ ಮಾಡಿದ್ದೆ. "ನಾ ಬರತೇನಿ, ನಡಿ" ಅನ್ನೂದು ಮಾತ್ರ ಈ ಶಾಣ್ಯಾನ ತಲಿಗೆ ಒಮ್ಮೆನೂ ಬಂದಿರಲಿಲ್ಲ. ನಾಚಿಕಿಯಾಗಿ ಕಣ್ಣಾಗ ನೀರು ಬಂತು. ಆಕಿಗೆ ಕಾಣಲಿಲ್ಲ, ಅಷ್ಟು ಪುಣ್ಯ.

ನರ್ಸ್ ಹೊರಗ ಬಂದು, "ಅಜ್ಜಿ ಜೋಡಿ ಯಾರ ಬಂದೀರಿ?" ಅಂತ ಕೇಳಿದ್ರು. ಅಕ್ಕನ ಮಗ ಅಂತ ಹೇಳಬೇಕಂತ ನಾ ಎದ್ದು ನಿಂತೆ. ಅಷ್ಟರಾಗ ಚಿಗವ್ವ ಕೈ ಮುಂದ ಮಾಡಿ ನನ್ನ ರಟ್ಟಿ ಹುಡುಕಿ ಹಿಡಕೊಂಡು, "ನನ್ನ ಮಗ ಬಂದಾನ್ರಿ" ಅಂದ್ಲು. ಬಾಗಲತನಕಾ ಕರಕೊಂಡ ಹೋಗಿ ಬಿಟ್ಟು, ಆಕೀ ಚಪ್ಪಲಿ ಕೈಯಾಗ ಹಿಡಕೊಂಡು ಹೊರಗ ನಿಂತೆ.