ಸಂಜೆಯ ಸಭೆ, ಮಧ್ಯಾಹ್ನದ ವರದಿ

ಎಪ್ಪತ್ತರ ದಶಕದಲ್ಲಿ ಐದಾರು ವರ್ಷ ನಾನು ಪತ್ರಿಕೆಯೊಂದರ ಸುದ್ದಿಗಾರನಾಗಿದ್ದೆ ಎಂದರೆ ಈಗಿನವರು ಕಣ್ಣರಳಿಸಿ ನೋಡುತ್ತಾರೆ. ಅವರು ಇನ್ನೂ ಮೆಚ್ಚುಗೆಯಲ್ಲಿರುವಾಗಲೇ ಮಾತು ಬದಲಿಸಿಬಿಡುತ್ತೇನೆ. ಏಕೆಂದರೆ ಮುಂದಿನ ಪ್ರಶ್ನೆಗೆ ನಿಜ ಹೇಳಬೇಕಾಗುತ್ತದೆ. ನಿಜ ಏನೆಂದರೆ, ಅಷ್ಟು ವರ್ಷಗಳಲ್ಲಿ ನಾನು ಬರೆದ ಸಮಾರಂಭಗಳಲ್ಲಿ, ಮೊದಲ ಕೆಲವನ್ನು ಬಿಟ್ಟರೆ, ಒಂದನ್ನೂ ನೋಡಿ ಬರೆದವನಲ್ಲ. ನೋಡಲಿಲ್ಲವೆಂದಲ್ಲ, ಎಲ್ಲವನ್ನೂ ಮುಂದಿನ ಸಾಲಿನಲ್ಲೇ ಕೂತು ನೋಡಿದೆ. ಆದರೆ ಬರೆದಾದ ಮೇಲೆ ನೋಡಿದೆ.

ಊರಿನ ಹೆಸರು ಬೇಡ. ಹಿರಿಯೂರಿನಿಂದ ಧರ್ಮಪುರದ ಕಡೆಗೆ ಬಸ್ಸಿನಲ್ಲಿ ಹೊರಟು, ಕಡಲೆಕಾಯಿ ಹೊಲಗಳನ್ನು ನೋಡಿ ನೋಡಿ ನಿಮಗೆ ತೂಕಡಿಕೆ ಬಂದಾಗ ಎಡಕ್ಕೆ ಸಿಗುವ ಊರುಗಳಲ್ಲಿ ಅದೂ ಒಂದು. ನಾನು ಅಲ್ಲಿನ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಅಕ್ಷರ ದುಂಡಾಗಿತ್ತೆಂಬ ಒಂದೇ ಕಾರಣಕ್ಕೆ ಚಿತ್ರದುರ್ಗದಿಂದ ಹೊರಡುತ್ತಿದ್ದ ನಾಲ್ಕು ಪುಟದ ಪತ್ರಿಕೆಯವರು ನನ್ನನ್ನು ಸುದ್ದಿಗಾರನನ್ನಾಗಿ ನೇಮಿಸಿದರು. ಸಂಬಳವೆಂದರೆ ದಿನಕ್ಕೊಂದು ಪತ್ರಿಕೆ ಪುಕ್ಕಟೆ. ಅದನ್ನೂ ನನಗಿಂತ ಮೊದಲು ಕ್ಷೌರದಂಗಡಿಯವರು ಓದುತ್ತಿದ್ದರು.

ಕರಾವಳಿಯ ಸುದ್ದಿಗಾರರನ್ನು ಕಂಡರೆ ನನಗೆ ಆಗ ಹೊಟ್ಟೆಕಿಚ್ಚು. ಅವರಿಗೆ ಕಡಲಿದೆ. ದಿನ ಬೆಳಗಾದರೆ ಅದು ಏನಾದರೊಂದನ್ನು ತಾನೇ ತಂದು ದಡಕ್ಕೆ ಹಾಕುತ್ತದೆ, ಇವರು ಹೋಗಿ ಎತ್ತಿಕೊಂಡರಾಯಿತು. ನಮ್ಮೂರಿಗಿದ್ದದ್ದು ಒಂದು ಕೆರೆ. ಅದರಲ್ಲಿ ವರ್ಷದ ಎಂಟು ತಿಂಗಳು ನೀರಿನ ಬದಲು ಕುರಿಗಳಿರುತ್ತಿದ್ದವು. ಕುರಿಗಳು ಸುದ್ದಿ ಮಾಡುವ ಜಾತಿಯಲ್ಲ. ಹೀಗಾಗಿ ಊರಿನವರೇ ಸೇರಿ ಸುದ್ದಿ ಮಾಡಬೇಕಿತ್ತು, ಅಂದರೆ ಸಭೆ ಮಾಡಬೇಕಿತ್ತು. ಸ್ವಾಗತ ಸಭೆ, ಬೀಳ್ಕೊಡುಗೆ ಸಭೆ, ಸಂತಾಪ ಸಭೆ, ಇವು ಯಾವುದೂ ಸಿಗದಿದ್ದ ತಿಂಗಳು ಸಾಕ್ಷರತೆ.

ತೊಡಕಿದ್ದದ್ದು ಬಸ್ಸಿನಲ್ಲಿ. ದುರ್ಗಕ್ಕೆ ಹೋಗುವ ಕಡೆಯ ಬಸ್ಸು ಮಧ್ಯಾಹ್ನ ಮೂರೂವರೆಗೆ. ಅದರ ಕಂಡಕ್ಟರ್ ಕೈಗೆ ಕವರು ಕೊಟ್ಟರೆ ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬರುತ್ತಿತ್ತು. ಆದರೆ ಸಭೆಗಳು ನಡೆಯುತ್ತಿದ್ದದ್ದು ಸಂಜೆ ಐದಕ್ಕೆ, ಬಿಸಿಲು ಇಳಿದ ಮೇಲೆ. ಸಭೆ ಮುಗಿಸಿ ಬರೆದರೆ ಒಂದು ದಿನ ತಡ. ಜವನಗೊಂಡನಹಳ್ಳಿಯ ಸುದ್ದಿಗಾರನಿಗೆ ಈ ಕಷ್ಟವಿರಲಿಲ್ಲ, ಅವನ ಊರು ಹೆದ್ದಾರಿಯ ಮೇಲಿತ್ತು, ಕೈ ಅಡ್ಡ ಹಿಡಿದರೆ ಬಸ್ಸು. ಅವರೂರಿನ ಸಭೆ ಮರುದಿನವೇ ಅಚ್ಚಾಗಿ ನಮ್ಮೂರಿನದು ಹಳಸಿ ಬರುವುದನ್ನು ನಮ್ಮ ಪಂಚಾಯಿತಿ ಚೇರ್ಮನ್ ತಿಪ್ಪೇರುದ್ರಪ್ಪನವರು ಎಷ್ಟು ದಿನ ಸಹಿಸಿಯಾರು? ನಾನು ಊಟದ ಬಿಡುವಿನಲ್ಲಿ ಕೂತು ಸಂಜೆಯ ಸಭೆಯನ್ನು ಮಧ್ಯಾಹ್ನವೇ ಬರೆಯತೊಡಗಿದೆ.

ಇದನ್ನು ಮೋಸ ಎನ್ನಬೇಡಿ. ಪಂಚಾಂಗ ಬರೆಯುವವರು ಇಡೀ ವರ್ಷವನ್ನು ಯುಗಾದಿಗೆ ಮೊದಲೇ ಬರೆದಿಡುತ್ತಾರೆ, ಅವರನ್ನು ನಾವು ತಟ್ಟೆಯಲ್ಲಿ ಅಕ್ಕಿ ಬೆಲ್ಲವಿಟ್ಟು ಗೌರವಿಸುತ್ತೇವೆ. ನಮ್ಮ ಕೆರೆಯ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ. ಯಾರೋ ಒಬ್ಬ ಪಾಳೆಯಗಾರ ಕೊಟ್ಟ ದತ್ತಿ ಸೂರ್ಯಚಂದ್ರರಿರುವವರೆಗೆ ನಡೆಯಿತೆಂಬಂತೆ ಅದರಲ್ಲಿ ಕೆತ್ತಿದ್ದಾರೆ. ಸೂರ್ಯಚಂದ್ರರು ಇದ್ದಾರೆ, ದತ್ತಿ ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ, ಕಲ್ಲಿಗೆ ಎಮ್ಮೆಗಳು ಮೈ ಉಜ್ಜುತ್ತವೆ. ಆ ಶಾಸನ ಬರೆದವನೂ ನನ್ನ ಹಾಗೆಯೇ ಯಾವುದೋ ಬಸ್ಸಿನ ಅವಸರದಲ್ಲಿದ್ದ ಮನುಷ್ಯನಿರಬೇಕು.

ಬರಬರುತ್ತಾ ಊರು ಈ ಪದ್ಧತಿಗೆ ಒಗ್ಗಿಕೊಂಡಿತು. ಒಗ್ಗಿಕೊಂಡಿತೇನು, ಅದನ್ನೇ ಅನುಸರಿಸತೊಡಗಿತು. ಸಭೆಯ ದಿನ ಮೂರು ಗಂಟೆಗೆ ಚೇರ್ಮನ್ನರು ಶಾಲೆಗೇ ಬಂದುಬಿಡುತ್ತಿದ್ದರು. "ಮೇಷ್ಟ್ರೇ, ಸಂಜೆ ನಾನು ಏನು ಮಾತಾಡೀನಿ, ಒಂಚೂರು ಓದ್ರಿ" ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, ಒಂದೆರಡು ಕಡೆ ತಮ್ಮ ಮಾತಿಗೆ ತಾವೇ ತಲೆದೂಗಿ, ಸಂಜೆ ಅದನ್ನೇ ಆಡುತ್ತಿದ್ದರು. ಪಂಚಾಯಿತಿ ಸೆಕ್ರೆಟರಿ ನನ್ನ ವರದಿಯ ನಕಲೊಂದನ್ನು ಇಟ್ಟುಕೊಂಡು ಅದರ ಪ್ರಕಾರವೇ ಸಭೆ ನಡೆಸುತ್ತಿದ್ದರು. ಚಪ್ಪಾಳೆ ಎಲ್ಲಿ ಬಿತ್ತೆಂದು ಬರೆದಿರುತ್ತಿದ್ದೆನೋ ಅಲ್ಲಿ ತಾವೇ ಮೊದಲು ಕೈ ತಟ್ಟುತ್ತಿದ್ದರು.

ಒಮ್ಮೆ ವನಮಹೋತ್ಸವದ ದಿನ ಗಿಡಗಳು ಬರಲೇ ಇಲ್ಲ. ಹಿರಿಯೂರಿನಿಂದ ತರಬೇಕಿದ್ದ ಲಾರಿ ಕೆಟ್ಟು ನಿಂತಿತ್ತಂತೆ. ಪತ್ರಿಕೆಯಲ್ಲಿ ಮಾತ್ರ ಚೇರ್ಮನ್ನರು ಬೇವಿನ ಸಸಿ ನೆಟ್ಟು ನೀರೆರೆದಿದ್ದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಚೇರ್ಮನ್ನರು ಸ್ವಲ್ಪವೂ ವಿಚಲಿತರಾಗಲಿಲ್ಲ. "ಮಾಡೀನಿ ಅಂತ ಪೇಪರಿನಾಗೆ ಬಂದೈತೆ. ಮಾಡದಿದ್ರೆ ಹೆಂಗೆ?" ಎಂದು, ಎರಡು ದಿನ ಬಿಟ್ಟು ಸಸಿ ತರಿಸಿ ನೆಟ್ಟರು. ಮೂರನೆಯ ದಿನ ಅದನ್ನು ಮೇಕೆ ತಿಂದಿತು. ಮೇಕೆ ತನ್ನ ಕಾರ್ಯಕ್ರಮವನ್ನು ನನಗೆ ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಆ ಸುದ್ದಿ ಬರಲಿಲ್ಲ.

ಹೀಗೆ ನಗುನಗುತ್ತಾ ನಡೆದಿತ್ತು, ಲಿಲ್ಲಿಯಮ್ಮನವರ ಬೀಳ್ಕೊಡುಗೆಯವರೆಗೆ.

ಲಿಲ್ಲಿಯಮ್ಮ ಎಂದರೆ ನಮ್ಮೂರಿನ ಆಸ್ಪತ್ರೆಯ ನರ್ಸು ಲಿಲ್ಲಿಬಾಯಿ. ಕರಾವಳಿಯವರು, ಕುಂದಾಪುರದ ಕಡೆ. ಕಡಲ ಪಕ್ಕ ಹುಟ್ಟಿ, ಇಪ್ಪತ್ತೆರಡು ವರ್ಷ ನಮ್ಮ ಒಣ ಊರಿನಲ್ಲಿ ಕೆಲಸ ಮಾಡಿದರು. ಬಂದ ಹೊಸದರಲ್ಲಿ ಅವರ ಪುಸ್ತಕದಂಥ ಕನ್ನಡ ಕೇಳಿ ಊರು ನಕ್ಕಿತಂತೆ. ನಾನು ಕಾಣುವ ಹೊತ್ತಿಗೆ ಅವರ ಮಾತೂ ನಮ್ಮದೇ ಆಗಿತ್ತು. ಸುತ್ತಲಿನ ಹಟ್ಟಿಗಳಿಂದ ಗಾಡಿಯಲ್ಲಿ ಮಲಗಿಸಿ ತಂದ ಹೆಂಗಸರು ಅವರ ಮುಖ ಕಂಡರೆ ಅರ್ಧ ನೋವು ಮರೆಯುತ್ತಿದ್ದರು ಎಂದು ನನ್ನ ಹೆಂಡತಿ ಹೇಳುತ್ತಾಳೆ, ನನ್ನ ಇಬ್ಬರು ಮಕ್ಕಳೂ ಅವರ ಕೈಗೇ ಬಂದವರು. ಅಂಥವರ ವರದಿಯನ್ನಾದರೂ ನಾನು ಮನಸ್ಸಿಟ್ಟು ಬರೆಯಬೇಕಿತ್ತು. ಆ ದಿನ ಬರೆಯುತ್ತಾ ಬರೆಯುತ್ತಾ ಚೇರ್ಮನ್ನರ ಭಾಷಣವೇ ಒಂದೂವರೆ ಪುಟವಾಯಿತು. ಹಾಳೆ ಮುಗಿಯುತ್ತಿತ್ತು, ಬಸ್ಸು ಹಾರನ್ ಹೊಡೆಯುತ್ತಿತ್ತು. ಕೊನೆಯ ಸಾಲಿನಲ್ಲಿ, ಸನ್ಮಾನ ಸ್ವೀಕರಿಸಿದ ಲಿಲ್ಲಿಬಾಯಿಯವರು ಗದ್ಗದಿತರಾಗಿ ಮಾತು ಹೊರಡದೆ ಸಭೆಗೆ ಕೈಮುಗಿದರು ಎಂದು ಗೀಚಿ, ಕೆಳಗಿನ ಕಾರ್ಬನ್ ನಕಲನ್ನು ಸೆಕ್ರೆಟರಿಗೆಂದು ತೆಗೆದಿಟ್ಟು, ಕವರು ಅಂಟಿಸಿ, ಓಡಿ ಕೊಟ್ಟುಬಂದೆ. ನಿವೃತ್ತರಾದವರೆಲ್ಲರಿಗೂ ನಾನು ಹಾಕುತ್ತಿದ್ದ ಸಾಲು ಅದು. ಯಾರೂ ತಕರಾರು ಮಾಡಿರಲಿಲ್ಲ.

ಸಂಜೆ ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಎಂದೂ ಸಭೆಗೆ ಬಾರದ ಹೆಂಗಸರು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ಬಂದಿದ್ದರು. ವೇದಿಕೆಯ ಮೇಲೆ ಚೇರ್ಮನ್ನರು, ತಾಲ್ಲೂಕು ಬೋರ್ಡಿನವರು, ದುರ್ಗದಿಂದ ಬಂದ ದೊಡ್ಡ ಡಾಕ್ಟರು. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಚೇರ್ಮನ್ನರು ನನ್ನ ಒಂದೂವರೆ ಪುಟವನ್ನು ಒಂದಕ್ಷರ ಬಿಡದೆ ಮಾತಾಡಿದರು. ಆಮೇಲೆ ಲಿಲ್ಲಿಯಮ್ಮ ಎದ್ದು ನಿಂತರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯಿತ್ತು. ಅದನ್ನು ಬಿಡಿಸುತ್ತಾ ಮೈಕಿನ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸೆಕ್ರೆಟರಿ ತಮ್ಮ ಕೈಯಲ್ಲಿದ್ದ ನಕಲನ್ನು ನೋಡಿ, ಬಹಳ ಗೌರವದಿಂದ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, "ಅಮ್ಮನೋರಿಗೆ ದುಃಖ ತಡಿಯಾಕಾಗ್ತಿಲ್ಲ. ಅವರು ಮಾತಾಡೋ ಸ್ಥಿತೀಲಿಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಲಿಲ್ಲಿಯಮ್ಮ ಚೀಟಿ ಮಡಚಿ, ಕೈಮುಗಿದು ಕೂತರು. ವಂದನಾರ್ಪಣೆ ಶುರುವಾಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಆಗ ಏನನ್ನಿಸಿತು ಗೊತ್ತೇ? ವರದಿ ಅಕ್ಷರಶಃ ಸರಿಹೋಯಿತಲ್ಲ ಎಂದು ಸಂತೋಷವಾಯಿತು. ಆ ಸಂತೋಷ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಬೆಳಗ್ಗೆ ಅವರು ಶಾಲೆಯ ಜಗಲಿಗೆ ಬಂದರು. ಹನ್ನೆರಡರ ಬಸ್ಸಿಗೆ ಊರು ಬಿಡುವವರಿದ್ದರು. ಕೈಯಲ್ಲಿ ಆ ದಿನದ ಪತ್ರಿಕೆ. ಇದನ್ನು ಯಾವಾಗ ಬರೆದಿರಿ ಎಂದು ಕೇಳಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಮಧ್ಯಾಹ್ನ ಮೂರಕ್ಕೆ ಎಂದೆ.

"ಮೂರು ಗಂಟೇಲಿ ನಾನು ಮನೇಲಿ ಕನ್ನಡಿ ಮುಂದೆ ನಿಂತು ಮಾತಾಡೋದು ಕಲೀತಿದ್ದೆ ಮೇಷ್ಟ್ರೇ" ಎಂದರು. "ನನಗೆ ಗಂಟಲು ಕಟ್ಟಿರಲಿಲ್ಲ."

ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಇದ್ದದ್ದು ಬೀಳ್ಕೊಡುಗೆಯ ಮಾತೇ ಅಲ್ಲ. ಹೆರಿಗೆ ಕೋಣೆಗೆ ಒಂದು ನಲ್ಲಿ ಬೇಕು ಎಂಬ ಬೇಡಿಕೆ. ಚೇರ್ಮನ್ನರ ಮನೆಯ ಮುಂದಿನ ಬೀದಿ ನಲ್ಲಿಯಿಂದ ಆಸ್ಪತ್ರೆ ಹಿತ್ತಲಿಗೆ ನೂರು ಹೆಜ್ಜೆ. ಅಷ್ಟು ದೂರ ಪೈಪು ಎಳೆಯದೆ, ಇಪ್ಪತ್ತೆರಡು ವರ್ಷ ಅವರು ಮತ್ತು ಆಯಾ ಕೊಡದಲ್ಲಿ ನೀರು ಹೊತ್ತಿದ್ದರು. ಒಳಗೊಬ್ಬಳು ನರಳುತ್ತಿರುವಾಗ ಅವಳನ್ನು ಬಿಟ್ಟು ನೀರಿಗೆ ಓಡಿದ ದಿನಗಳೂ ಇದ್ದವಂತೆ.

"ಅರ್ಜಿ ಬರೆದು ಕೊಟ್ರೆ ಓದಲ್ಲ, ಮನೆಗೆ ಹೋದ್ರೆ ಕಾಫಿ ಕೊಟ್ಟು ಕಳಿಸ್ತಾರೆ. ನಿನ್ನೆ ಎಲ್ರೂ ಒಂದೇ ಸಾಲಲ್ಲಿ ಕುಂತಿದ್ರು, ಊರೆಲ್ಲ ಎದುರಿಗಿತ್ತು. ಮೈಕಿನಲ್ಲಿ ಕೇಳಿದ್ರೆ ಇಲ್ಲ ಅನ್ನಾಕೆ ಆಗ್ತಿತ್ತಾ? ನನಗೆ ಸಿಕ್ಕಿದ್ದು ಅದೊಂದೇ ದಿನ."

ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅವರು ಬೈಯಲಿಲ್ಲ. ಮಕ್ಕಳಿಗೆ ನಾನು ಕೇಳಿದೆನೆಂದು ಹೇಳಿ ಎಂದು, ಟ್ರಂಕು ಹೊರಿಸಿಕೊಂಡು ಬಸ್ಸಿಗೆ ಹೋದರು.

ತಿದ್ದುಪಡಿ ಹಾಕಿಸೋಣವೆಂದು ಕೂತೆ. ಏನೆಂದು ಹಾಕಿಸುವುದು? ದಾದಿಯವರಿಗೆ ಗಂಟಲು ಕಟ್ಟಿರಲಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ ಎಂದೇ? ಚೇರ್ಮನ್ನರ ಮನೆಗೆ ಚೀಟಿ ಹಿಡಿದು ಹೋಗೋಣವೆಂದರೆ, ಅಲ್ಲಿ ಕಾಫಿ ಚೆನ್ನಾಗಿರುತ್ತದೆಂದು ನನಗೂ ಗೊತ್ತಿತ್ತು. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಊಟದ ಬಿಡುವಿನಲ್ಲಿ ನನಗೆ ಬರುವ ಒಂದೇ ಒಂದು ವಿದ್ಯೆಯನ್ನು ಕೈಗೆತ್ತಿಕೊಂಡೆ. ನಿವೃತ್ತ ದಾದಿಯವರ ಕೋರಿಕೆಯನ್ನು ಮನ್ನಿಸಿ ಚೇರ್ಮನ್ ತಿಪ್ಪೇರುದ್ರಪ್ಪನವರು ಹೆರಿಗೆ ಕೋಣೆಗೆ ನಲ್ಲಿ ಹಾಕಿಸಿಕೊಟ್ಟು, ಸ್ವಹಸ್ತದಿಂದ ತಿರುಗಿಸಿ ಉದ್ಘಾಟಿಸಿದರೆಂದೂ, ನೆರೆದ ಮಹಿಳೆಯರು ಅವರನ್ನು ಹರಸಿದರೆಂದೂ ಬರೆದೆ. ಈ ಸಲ ಯಾರಿಗೂ ಓದಿ ಹೇಳಲಿಲ್ಲ, ಸೆಕ್ರೆಟರಿಗೆ ನಕಲು ಕೊಡಲಿಲ್ಲ. ನೇರವಾಗಿ ಕಂಡಕ್ಟರಿಗೆ ಕವರು ಕೊಟ್ಟೆ. ಚೇರ್ಮನ್ನರು ಮನಸ್ಸು ಮಾಡಿದ್ದರೆ ನನ್ನನ್ನು ಆಂಧ್ರದ ಗಡಿಯ ಕೊನೆಯ ಹಟ್ಟಿಗೆ ವರ್ಗ ಮಾಡಿಸಬಹುದಿತ್ತು.

ಪತ್ರಿಕೆ ಬಂದ ಬೆಳಗ್ಗೆ ಹತ್ತಕ್ಕೆ ಕರೆ ಬಂತು. ಹೋದಾಗ ಅವರು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. "ಕುಂತ್ಕಳ್ರಿ" ಎಂದರು. ಕೂತೆ. "ಇದನ್ನ ನಾನು ಯಾವಾಗ ಮಾಡ್ದೆ ಮೇಷ್ಟ್ರೇ?" ಎಂದರು.

"ನಿನ್ನೆ" ಎಂದೆ.

ಅವರು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. ನನ್ನ ಪುಣ್ಯಕ್ಕೆ ಅದೇ ಹೊತ್ತಿಗೆ ಯಲ್ಲದಕೆರೆ ಕಡೆಯ ಕುರಿಗಾಹಿ ದಂಪತಿ ಬಾಗಿಲಲ್ಲಿ ನಿಂತಿದ್ದರು. ಸೊಸೆಯನ್ನು ಹೆರಿಗೆಗೆ ಕರೆತಂದವರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪತ್ರಿಕೆ ಓದಿದ್ದನ್ನು ಕೇಳಿ, ಒಳ್ಳೇ ಕೆಲಸ ಮಾಡಿದ್ರಿ ಗೌಡ್ರೇ ಎಂದು ಚೇರ್ಮನ್ನರಿಗೆ ಕೈಮುಗಿದು ಹೋದರು. ಇನ್ನೂ ಆಸ್ಪತ್ರೆಯ ಒಳಗೆ ಕಾಲಿಟ್ಟಿರಲಿಲ್ಲ, ದೇವರು ದೊಡ್ಡವನು. ಚೇರ್ಮನ್ನರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಳಗೆ ತಿರುಗಿ ಸೆಕ್ರೆಟರಿಯನ್ನು ಕೂಗಿ, "ಆ ಪೈಪಿನೋನಿಗೆ ಹೇಳಿಕಳಿಸಪ್ಪ. ನಿನ್ನೆ ಹಾಕಿಸಿದ ನಲ್ಲೀನ ಇವತ್ತು ಸಂಜೆಯೊಳಗೆ ಹಾಕ್ಬೇಕು" ಎಂದರು.

ಗೆದ್ದೆನೆಂದು ಬೀಗಿದೆ. ಕೆಲಸ ಮುಗಿಯಿತೆಂದು ವಾರದೊಳಗೆ ಚೇರ್ಮನ್ನರೇ ಹೇಳಿದರು. ಸುದ್ದಿಯ ತುಣುಕು ಕತ್ತರಿಸಿ ಕುಂದಾಪುರಕ್ಕೆ ಅಂಚೆಯಲ್ಲಿ ಕಳಿಸಿದೆ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ತಮ್ಮ ಮನೆಯ ಬಾವಿಯಲ್ಲಿ ಕೈಗೆ ಸಿಗುವಷ್ಟು ನೀರಿದೆ, ಇನ್ನೂ ಅಭ್ಯಾಸ ತಪ್ಪದೆ ಅರ್ಧ ಚೊಂಬಿನಲ್ಲೇ ಮುಖ ತೊಳೆಯುತ್ತೇನೆ ಎಂದು ಲಿಲ್ಲಿಯಮ್ಮ ಬರೆದಿದ್ದರು. ಕೊನೆಯಲ್ಲಿ ಹೀಗಿತ್ತು: "ಸುದ್ದಿ ಓದಿದೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಲ್ಲಿ ಕೋಣೆಯಲ್ಲಿ ಇದೆಯೋ, ಪತ್ರಿಕೆಯಲ್ಲಿ ಮಾತ್ರ ಇದೆಯೋ?"

ನಾನು ನೋಡಿರಲಿಲ್ಲ. ಶಾಲೆಯಿಂದ ಆಸ್ಪತ್ರೆಗೆ ಐದು ನಿಮಿಷದ ದಾರಿ, ಒಂದು ಸಲ ಹೋಗಿ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಹೊರಟೆ. ಕೋಣೆ ಖಾಲಿಯಿತ್ತು. ಗಂಡಸರಿಗೆ ಒಳಗೆ ಬಿಡುವುದಿಲ್ಲವೆಂದು ಆಯಾ ತಕರಾರು ತೆಗೆದಳು. ಕಾರ್ಡು ತೋರಿಸಿ ಓದಿ ಹೇಳಿದ ಮೇಲೆ, ಚಪ್ಪಲಿ ಹೊರಗೆ ಬಿಟ್ಟು ಬರ್ರಿ ಎಂದಳು. ಗೋಡೆಯಲ್ಲಿ ಹೊಸ ಪೈಪು, ತುದಿಗೆ ಹಿತ್ತಾಳೆಯ ನಲ್ಲಿ. ಕೆಳಗೆ ಬಕೆಟ್ಟಿಟ್ಟು ತಿರುಗಿಸಿದೆ. ಮೊದಲು ಬರೀ ಗಾಳಿ. ಇನ್ನೊಂದು ಸುತ್ತು ತಿರುಗಿಸಿದೆ. ಆಮೇಲೆ ಕೆಂಪು ನೀರು ಎರಡು ಸಲ ಉಗುಳಿ, ತಿಳಿ ನೀರು ಬೆರಳಿನಷ್ಟು ದಪ್ಪಕ್ಕೆ ಬೀಳತೊಡಗಿತು. ನಾನು, ಆಯಾ ಇಬ್ಬರೂ ನೋಡುತ್ತಾ ನಿಂತೆವು. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಜೇಬಿನಲ್ಲಿದ್ದ ಖಾಲಿ ಕಾರ್ಡೊಂದನ್ನಿಟ್ಟು ಉತ್ತರ ಬರೆದೆ:

"ನಲ್ಲಿ ಇದೆ. ನೀರು ಸಣ್ಣಗೆ ಬರುತ್ತದೆ. ಬಕೆಟ್ಟು ತುಂಬುವವರೆಗೂ ನಿಂತು ನೋಡಿ ಬರೆಯುತ್ತಿದ್ದೇನೆ."