ಅಂಚೆ ಕಚೇರಿಯಿಂದ ತಂದ ಉತ್ತರ

ನನ್ನ ಅಕ್ಕ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದಳು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ದೊಡ್ಡಬಳ್ಳಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪವರ್‌ಲೂಮ್ ಹಾಕಿಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಅವಳ ಸಂಬಳದಲ್ಲಿ. ಮದುವೆಯ ಮಾತು ಬಂದಾಗೆಲ್ಲ ಮುಂದೂಡುತ್ತಿದ್ದವಳು ಕಡೆಗೆ ಆ ಮಾತನ್ನೇ ಬಿಟ್ಟಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಂಬಳ ಏರಿ, ಅವಳಿಗೆ ಆದಾಯ ತೆರಿಗೆ ಹಿಡಿಯತೊಡಗಿದರು. ಕಾರ್ಖಾನೆಯಲ್ಲಿ ಪಿಎಫ್ ಇತ್ತು. ಅದರ ಜೊತೆಗೆ ಅಂಚೆ ಕಚೇರಿಯಲ್ಲಿ ಹದಿನೈದು ವರ್ಷದ ಪಿಪಿಎಫ್ ಖಾತೆ ತೆರೆದರೆ ತೆರಿಗೆಯೂ ಇಳಿಯುತ್ತದೆ, ಮುಪ್ಪಿಗೂ ಆಗುತ್ತದೆ ಎಂದು ಅವಳು ಯೋಚಿಸಿದ್ದಳು. ಆದರೆ ಕಂಪನಿಯ ಪಿಎಫ್ ಇರುವವರಿಗೆ ಬೇರೆ ಕಡೆ ಕಟ್ಟಿದ್ದಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದರು.

"ನಾನು ಬರೋ ಹೊತ್ಗೆ ಪೋಸ್ಟಾಫೀಸ್ ಮುಚ್ಚಿರುತ್ತೆ. ನೀನೇ ಕೇಳ್ಕೊಂಡು ಬಾರೋ," ಎಂದಳು. "ಪಿಎಫ್ ಒಂದನ್ನೇ ನೆಚ್ಕೊಂಡ್ರೆ ಆಗಲ್ಲ ಕಣೋ. ನಾಳೆ ಕೈಲಾಗದೆ ಇದ್ದಾಗ ನಿನ್ನ ಹೆಂಡ್ತಿ ಮುಖ ನೋಡ್ಕೊಂಡು ಕೂರೋಕಾಗುತ್ತಾ?"

"ಹೆಂಡ್ತೀನೇ ಇನ್ನೂ ಬಂದಿಲ್ಲ, ಆಗ್ಲೇ ಜಗಳಕ್ಕೆ ನಿಂತ್ಯಲ್ಲಕ್ಕ."

ಇಬ್ಬರೂ ನಕ್ಕೆವು.

ವಾರಕ್ಕೊಂದು ದಿನ ಮಗ್ಗಗಳಿಗೆ ಕರೆಂಟ್ ಇರುತ್ತಿರಲಿಲ್ಲ. ಆ ದಿನ ಹೋದೆ.

"ಏನಪ್ಪಾ, ಕರೆಂಟ್ ಹೋದ್ರೇನೇ ನಿಮಗೆಲ್ಲ ನಮ್ಮ ನೆನಪಾಗೋದು," ಎಂದರು ಕೌಂಟರಿನ ಗುಮಾಸ್ತರು. ನಾನು ಕೇಳಿದ್ದಕ್ಕೆ ತಾಳ್ಮೆಯಿಂದ ಬಿಡಿಸಿ ಹೇಳಿದರು. "ಪಿಎಫ್ ಇದ್ರೂ ಇಲ್ಲಿ ಕಟ್ಬಹುದು. ಎರಡೂ ಸೇರಿ ಇಷ್ಟೂಂತ ಒಂದು ಮಿತಿ ಐತೆ. ಪಿಎಫ್‌ಗೆ ಹೋಗಿದ್ದು ಕಳೆದು ಆ ಮಿತೀಲಿ ಎಷ್ಟು ಉಳಿಯುತ್ತೋ, ಅಷ್ಟಕ್ಕೆ ಇಲ್ಲಿ ಕಟ್ಟಿದ್ರೂ ರಿಯಾಯ್ತಿ ಸಿಗುತ್ತೆ. ನಿಮ್ಮಕ್ಕಂಗೆ ಇನ್ನೂ ಬೇಕಾದಷ್ಟು ಜಾಗ ಇರುತ್ತೆ, ಕರ್ಕೊಂಡು ಬಾ."

ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೊರಟೆ. ನಮ್ಮ ಬೀದಿಯಲ್ಲಿ ಒಬ್ಬರು ಹಳೆಯ ಮಗ್ಗವೊಂದನ್ನು ಮಾರುವವರಿದ್ದರು. ಎರಡನೆಯ ಮಗ್ಗ ಬಂದರೆ ನಾನೂ ಮಾಲೀಕ ಅನ್ನಿಸಿಕೊಳ್ಳಬಹುದಿತ್ತು. ಅದಕ್ಕೆ ಬೇಕಾದ ಹಣ ಇದ್ದದ್ದು ಅಕ್ಕನ ಹತ್ತಿರ ಮಾತ್ರ. ಅದು ಅಂಚೆ ಕಚೇರಿ ಸೇರಿದರೆ ಮಗ್ಗ ಬೇರೆಯವರ ಮನೆ ಸೇರುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಹೇಳಬೇಕಾದ ಮಾತು ಸಿದ್ಧವಾಗಿತ್ತು. ಫಾರಂ ನೀರೊಲೆಗೆ ಹೋಯಿತು.

ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಕ್ಯಾಂಟೀನಲ್ಲಿ ಹೇಳಿದ್ದು ನಿಜಾನೇ ಅಂತೆ ಕಣಕ್ಕ. ಪಿಎಫ್ ಇರೋರಿಗೆ ರಿಯಾಯ್ತಿ ಇಲ್ವಂತೆ."

"ಹೌದಾ? ಸರಿ ಬಿಡು. ಹದಿನೈದು ವರ್ಷ ದುಡ್ಡನ್ನ ಅಲ್ಲಿ ಕೂಡಿಹಾಕಿ ಏನು ಬಂತು."

ಹತ್ತು ದಿನ ಬಿಟ್ಟು ಮಗ್ಗದ ಮಾತೆತ್ತಿದೆ. ಎರಡನೇ ಸಲ ಕೇಳುವ ಮೊದಲೇ ಹಣ ಕೊಟ್ಟಳು.

ಅದಾದ ಮೇಲೆ ಪ್ರತಿ ವರ್ಷ ಮಾರ್ಚ್ ಹತ್ತಿರ ಬಂದಂತೆ ಅವಳ ಸಂಬಳದಲ್ಲಿ ತೆರಿಗೆ ಮುರಿಯುತ್ತಿತ್ತು. ಈ ವರ್ಷ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಒಂದು ವರ್ಷ ತಡವಾದದ್ದಕ್ಕೆ ಮರುವರ್ಷ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು. ಅಷ್ಟರಲ್ಲಿ ನನಗೆ ಮದುವೆಯಾಯಿತು, ಮಗುವಾಯಿತು.

ದಶಕ ಮುಗಿಯುವ ಹೊತ್ತಿಗೆ ಅವಳ ಕಾರ್ಖಾನೆ ಮುಚ್ಚಿತು. ಪಿಎಫ್ ಬಿಟ್ಟರೆ ಅವಳದೆಂದು ಏನೂ ಇರಲಿಲ್ಲ. ಆ ಹಣ ಬಂದಾಗ ಅಂಚೆ ಕಚೇರಿಗೆ ಅವಳೇ ಹೋದಳು. ತಿರುಗಿ ಬಂದು, ಓಡುತ್ತಿದ್ದ ಮಗ್ಗದ ಪಕ್ಕ ಸ್ವಲ್ಪ ಹೊತ್ತು ನಿಂತಳು. ನಾನು ಮಗ್ಗ ನಿಲ್ಲಿಸಿದೆ.

"ಪಿಎಫ್ ಇದ್ರೂ ಕಟ್ಬಹುದಿತ್ತಂತೆ ಕಣೋ. ರಿಯಾಯ್ತೀನೂ ಸಿಕ್ತಿತ್ತಂತೆ."

ನಾನು ಮಗ್ಗದ ಮೇಲಿನ ಧೂಳು ಒರೆಸತೊಡಗಿದೆ.

"ಅವತ್ತು ನೀನು ಹೋಗೇ ಇರ್ಲಿಲ್ಲ, ಅಲ್ವಾ? ಎಲ್ಲೋ ಟೀ ಕುಡ್ಕೊಂಡು ಕೂತಿದ್ದು, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಹೂಂ ಅಕ್ಕ," ಎಂದೆ.

"ಸೋಮಾರಿ ನನ್ಮಗನೆ," ಎಂದು ಬೆನ್ನಿಗೊಂದು ಗುದ್ದಿ ಒಳಗೆ ಹೋದಳು.

ಆ ವಾರವೇ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಿದಳು. ನನ್ನ ಹೆಂಡತಿಯ ಹತ್ತಿರ ಒಂದು ದಿನವೂ ಏನನ್ನೂ ಕೇಳಲಿಲ್ಲ. ಅಕ್ಕನ ಲೆಕ್ಕದಲ್ಲಿ ನಾನು ಇವತ್ತಿಗೂ ಸೋಮಾರಿ. ಆದರೆ ಅವತ್ತು ನಾನು ಹೋಗಿದ್ದೆ. ಕೇಳಿದ್ದೆ. ಗುಮಾಸ್ತರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವೂ ಆಗಿತ್ತು.